ರಾಬರ್ಟ್ ಹಂಟ್: ಗಣಿಯ ಕಡತ, ಜನರ ಕಥೆ

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ, ಅಟ್ಲಾಂಟಿಕ್ ಸಾಗರದೊಳಕ್ಕೆ ಕಾಲು ನೀಡಿ ಮಲಗಿದಂತಿರುವ ಭೂಭಾಗಕ್ಕೆ ಕಾರ್ನ್‌ವಾಲ್ ಎಂದು ಹೆಸರು. ಉತ್ತರಕ್ಕೂ ಪಶ್ಚಿಮಕ್ಕೂ ದಕ್ಷಿಣಕ್ಕೂ ಕಡಲು. ಪೂರ್ವದ ಎಲ್ಲೆಯಾಗಿ ಟೇಮರ್ ನದಿ. ನೆಲದ ಮೇಲೆ ಕಗ್ಗಲ್ಲಿನ ಬೋರೆಗಳು, ಬೀಳುಬಯಲು, ಗಾಳಿ, ಮಂಜು. ನೆಲದ ಕೆಳಗೆ ತವರ ಮತ್ತು ತಾಮ್ರದ ಅದಿರು. ಅಲ್ಲಿಯ ಜನ ಕೆಲ್ಟ್ ಮೂಲದವರು. ಅವರ ಹಳೆಯ ನುಡಿ ಇಂಗ್ಲಿಷಿನಿಂದ ತೀರ ಬೇರೆಯಾದದ್ದು. ವೇಲ್ಸಿನ ನುಡಿಗೂ ಕಡಲಾಚೆಯ ಬ್ರಿಟನಿಯ ನುಡಿಗೂ ಒಡಹುಟ್ಟಿದ್ದು. ಆ ನುಡಿಯನ್ನು ತಾಯಿನುಡಿಯಾಗಿ ಆಡಿದವರಲ್ಲಿ ಕೊನೆಯವಳೆಂದು ವಾಡಿಕೆಯಲ್ಲಿ ಹೆಸರಾಗಿರುವ ಡಾಲಿ ಪೆಂಟ್ರೀತ್ ಎಂಬ ಮೀನು ಮಾರುವ ಮುದುಕಿ 1777ರಲ್ಲಿ ತೀರಿಕೊಂಡಳು. ನುಡಿ ಅಳಿಯಿತು, ಆದರೆ ಆ ನುಡಿಯಲ್ಲಿ ಹುಟ್ಟಿದ ಕಥೆಗಳು ಕೂಡಲೇ ಅಳಿಯಲಿಲ್ಲ. ಮನೆ ಕಳೆದುಕೊಂಡವರು ನೆರೆಮನೆಯ ಜಗುಲಿಯಲ್ಲಿ ಆಶ್ರಯ ಪಡೆಯುವಂತೆ, ಅವು ಇಂಗ್ಲಿಷಿನ ಆಡುಮಾತಿನಲ್ಲಿ ತಂಗಿ ಇನ್ನೊಂದು ತಲೆಮಾರು, ಎರಡು ತಲೆಮಾರು ಉಸಿರಾಡಿದುವು. ಆ ಉಸಿರು ನಿಲ್ಲುವ ಮುನ್ನ ಅವುಗಳನ್ನು ಕೇಳಿ ಬರೆದಿಟ್ಟ ಕೆಲವರಲ್ಲಿ ರಾಬರ್ಟ್ ಹಂಟ್ ಪ್ರಮುಖನು.

ಈತನ ಜೀವನವನ್ನು ಓದುವವರಿಗೆ ಮೊದಲು ಹೊಳೆಯುವ ಸಂಗತಿ ಒಂದು ವಿರೋಧಾಭಾಸ. ಈತನು ವೃತ್ತಿಯಿಂದ ಸಾಹಿತಿಯಲ್ಲ, ವಿಜ್ಞಾನಿ. ಬೆಳಕಿನ ರಾಸಾಯನಿಕ ಶಕ್ತಿಯನ್ನು ಅಳೆದವನು, ಸಮಸ್ತ ಬ್ರಿಟನ್ನಿನ ಕಲ್ಲಿದ್ದಲು, ಕಬ್ಬಿಣ, ತವರಗಳ ವಾರ್ಷಿಕ ಲೆಕ್ಕ ಬರೆದವನು. ಅಂಕಿಯನ್ನಲ್ಲದೆ ಬೇರೇನನ್ನೂ ನಂಬಬಾರದೆಂಬ ಹುದ್ದೆಯಲ್ಲಿ ಕುಳಿತು, ದೈತ್ಯರ, ಯಕ್ಷಿಣಿಯರ, ಮತ್ಸ್ಯಕನ್ಯೆಯರ ಕಥೆಗಳನ್ನು ಆದರದಿಂದ ಕಾಪಾಡಿದವನು. ಈ ಎರಡು ಕೆಲಸಗಳು ಒಂದೇ ಬಾಳಿನಲ್ಲಿ ಹೇಗೆ ಕೂಡಿಕೊಂಡುವು ಎಂಬುದೇ ಹಂಟನ ಚರಿತ್ರೆಯ ಸ್ವಾರಸ್ಯ.

ಹಂಟ್ ಹುಟ್ಟಿದ್ದು 1807ರ ಸೆಪ್ಟೆಂಬರ್ 6ರಂದು, ಟೇಮರ್ ನದಿ ಕಡಲಿಗೆ ಕೂಡುವೆಡೆಯ ಹಡಗುಪಟ್ಟಣದಲ್ಲಿ. ಇಂದು ಆ ಊರನ್ನು ಡೆವನ್‌ಪೋರ್ಟ್ ಎನ್ನುತ್ತಾರೆ. ತಂದೆ ನೌಕಾಪಡೆಯ ಅಧಿಕಾರಿ. ಆತನಿದ್ದ ಯುದ್ಧನೌಕೆ ಗ್ರೀಸಿನ ದ್ವೀಪಸ್ತೋಮದ ಬಳಿ ಸಮಸ್ತ ಸಿಬ್ಬಂದಿಯೊಡನೆ ಮುಳುಗಿಹೋಯಿತು. ಮಗ ಹುಟ್ಟಿದ್ದು ಆ ಬಳಿಕ. ತಂದೆಯ ಮುಖವನ್ನು ಕಾಣದೆ ಬೆಳೆದ ಹುಡುಗನಿಗೆ ತಂದೆಯೆಂದರೆ ಇತರರು ಹೇಳಿದ ಕಥೆಯೇ ಸರಿ. ಕಥೆಗಳ ಮೇಲಿನ ಆತನ ಮೋಹಕ್ಕೆ ಇದೇ ಕಾರಣವೆಂದು ಹೇಳುವುದು ಅತಿಯಾದೀತು. ಆದರೂ ಕಳೆದುಹೋದದ್ದು ಮಾತಿನಲ್ಲಿ ಮಾತ್ರ ಉಳಿಯಬಲ್ಲದೆಂಬ ಅರಿವು ಅವನಿಗೆ ಎಳವೆಯಿಂದಲೇ ಇದ್ದಿರಬೇಕು. ತನ್ನ ಕಥಾಸಂಗ್ರಹದ ಮೊದಲನ್ನು ಆತನು ಮುಂದೆ ಬಾಲ್ಯಕ್ಕೇ ಒಯ್ದು ನಿಲ್ಲಿಸಿದನು.

ಡೆವನ್‌ಪೋರ್ಟ್ ಮತ್ತು ಪೆನ್ಸಾನ್ಸ್ ಊರುಗಳಲ್ಲಿ ಓದು ಮುಗಿಸಿದ ಹುಡುಗನನ್ನು ಲಂಡನ್ನಿನ ಒಬ್ಬ ಶಸ್ತ್ರವೈದ್ಯನ ಬಳಿ ಕೆಲಸ ಕಲಿಯಲು ಬಿಟ್ಟರು. ಔಷಧಿ ಅರೆಯುವುದು, ಬೆರೆಸುವುದು, ರೋಗಿಗಳನ್ನು ನೋಡಿಕೊಳ್ಳುವುದು: ಹೀಗೆ ರಸಾಯನಶಾಸ್ತ್ರದ ಮೊದಲ ಪಾಠಗಳಾದುವು. ದುಡಿಮೆಯಿಂದ ಆರೋಗ್ಯ ಕೆಟ್ಟಿತು. ಅದೇ ವೇಳೆಗೆ ಕಾರ್ನ್‌ವಾಲಿನ ಫೋಯ್ ನದಿಯ ದಡದಲ್ಲಿದ್ದ ಸಣ್ಣ ಆಸ್ತಿಯೊಂದು ಅಜ್ಜನ ಕಡೆಯಿಂದ ಆತನ ಪಾಲಿಗೆ ಬಂದಿತು. ಲಂಡನ್ನನ್ನು ಬಿಟ್ಟು ತರುಣನು ಪಶ್ಚಿಮಕ್ಕೆ ಹೊರಟನು.

1829ನೆಯ ಇಸವಿ. ಹಂಟನಿಗೆ ಇಪ್ಪತ್ತೊಂದು ತುಂಬಿ ಇಪ್ಪತ್ತೆರಡು ನಡೆಯುತ್ತಿತ್ತು. ಆ ವರ್ಷ ಹತ್ತು ತಿಂಗಳ ಕಾಲ ಆತನು ಕಾರ್ನ್‌ವಾಲಿನ ಉದ್ದಗಲಕ್ಕೂ, ಡಾರ್ಟ್‌ಮೂರಿನ ಅಂಚಿನವರೆಗೂ ನಡೆದಾಡಿದನು. ಹೊರನೋಟಕ್ಕೆ ಅದು ಆರೋಗ್ಯಕ್ಕಾಗಿ ಕೈಕೊಂಡ ಸಂಚಾರ. ಒಳಗಿನ ಗುರಿ ಬೇರೆ. ಆ ನಾಡಿನ ಹಳೆಯ ಜನರ ಬಗ್ಗೆ ಇನ್ನೂ ಉಳಿದಿರುವ ಕಥೆಗಳನ್ನೆಲ್ಲ ಕೇಳಿ ಬರೆದುಕೊಳ್ಳಬೇಕೆಂಬುದು ಆತನ ಸಂಕಲ್ಪ. ರೈತನ ಒಲೆಯ ಮುಂದೆ, ಗಣಿಯ ದಡದಲ್ಲಿ, ಬೆಸ್ತರ ಬಲೆಗಳ ನಡುವೆ ಕುಳಿತು ಆತನು ಕೇಳಿದನು. ಆ ನಾಡಿನಲ್ಲಿ ಆಗಿನ್ನೂ ಊರೂರು ಅಲೆಯುವ ಕಥೆಗಾರರ ನೆನಪು ಹಸಿಯಾಗಿತ್ತು. ಪಿಟೀಲು ಹಿಡಿದ ಕುರುಡ ಮುದುಕನೊಬ್ಬನು ಹುಡುಗನನ್ನೂ ನಾಯಿಯನ್ನೂ ಜೊತೆಗಿಟ್ಟುಕೊಂಡು ಚಳಿಗಾಲಕ್ಕೆ ಬಂದನೆಂದರೆ, ಹಳ್ಳಿಯವರು ಊಟ, ಹಾಸಿಗೆ ಕೊಟ್ಟು ರಾತ್ರಿಗಟ್ಟಲೆ ಆತನ ಕಥೆಯನ್ನು ಕೇಳುತ್ತಿದ್ದರು. ಆತ ಅದೇ ಕಥೆಯನ್ನು ಕೇಳುವವರಿಗೆ ತಕ್ಕಂತೆ ಹಿಗ್ಗಿಸುವನು, ನಡುವೆ ಹಾಡುವನು, ಊರಿನ ಸುದ್ದಿಯನ್ನೂ ಸೇರಿಸುವನು. ನಮ್ಮ ಹಳ್ಳಿಗಳ ಕಿನ್ನರಿ ಜೋಗಿಗಳನ್ನು ಕಂಡವರಿಗೆ ಈ ಚಿತ್ರ ಅಪರಿಚಿತವೆನಿಸಲಾರದು.

ಆದರೆ ಹೊಟ್ಟೆಪಾಡು ಹಂಟನನ್ನು ಕಥೆಗಳೊಡನೆ ಇರಗೊಡಲಿಲ್ಲ. ಟಿಪ್ಪಣಿಗಳ ಕಟ್ಟು ಪೆಟ್ಟಿಗೆ ಸೇರಿತು. ಆತನು ಔಷಧಿಯ, ರಾಸಾಯನಿಕಗಳ ಉದ್ಯೋಗಕ್ಕೆ ಮರಳಿದನು. 1839ರಲ್ಲಿ ಫ್ರಾನ್ಸಿನ ಡಾಗೇರ್ ಮತ್ತು ಇಂಗ್ಲೆಂಡಿನ ಟಾಲ್ಬಟ್ ಬೆಳಕಿನಿಂದ ಚಿತ್ರ ಬರೆಯುವ ವಿಧಾನವನ್ನು ಲೋಕಕ್ಕೆ ತಿಳಿಸಿದಾಗ, ಹಂಟನು ತಡಮಾಡದೆ ಅದೇ ಪ್ರಯೋಗಗಳಲ್ಲಿ ತೊಡಗಿದನು. 1841ರಲ್ಲಿ ಆತನು ಬರೆದ ಛಾಯಾಗ್ರಹಣದ ಕೈಪಿಡಿ ಇಂಗ್ಲಿಷಿನಲ್ಲಿ ಆ ವಿಷಯದ ಮೊತ್ತಮೊದಲ ಗ್ರಂಥಗಳಲ್ಲಿ ಒಂದು. 1844ರಲ್ಲಿ ಬೆಳಕನ್ನು ಕುರಿತ ಸಂಶೋಧನ ಗ್ರಂಥ ಹೊರಬಂದಿತು. ಕಾಗದದ ಮೇಲೆ ಅಡಗಿರುವ ಬಿಂಬವನ್ನು ಕಬ್ಬಿಣದ ಸಲ್ಫೇಟಿನಿಂದ ಕಣ್ಣಿಗೆ ಕಾಣುವಂತೆ ಮಾಡಬಹುದೆಂದು ಆತನು ತೋರಿಸಿದ್ದೂ ಅದೇ ವರ್ಷ. ಛಾಯಾಗ್ರಾಹಕರು ಆ ವಿಧಾನವನ್ನು ಬಹುಕಾಲ ಬಳಸಿದರು. ಕ್ಷಣದಲ್ಲಿ ಸರಿದುಹೋಗುವ ನೆರಳನ್ನು ಹಿಡಿದು ನಿಲ್ಲಿಸುವ ಹಂಬಲ ಆತನಿಗೆ ವಿಜ್ಞಾನದಲ್ಲಿಯೂ ಇದ್ದಿತೆಂಬುದು ಗಮನಾರ್ಹ.

ಈ ನಡುವೆ, 1840ರಲ್ಲಿ, ಫಾಲ್ಮತ್ ಬಂದರಿನ ರಾಯಲ್ ಕಾರ್ನ್‌ವಾಲ್ ಪಾಲಿಟೆಕ್ನಿಕ್ ಸಂಘಕ್ಕೆ ಆತನು ಕಾರ್ಯದರ್ಶಿಯಾದನು. ಫಾಕ್ಸ್ ಮನೆತನದವರು 1833ರಲ್ಲಿ ಕಟ್ಟಿದ ಆ ಸಂಘದ ಗುರಿ ಗಣಿಯ ಕೆಲಸಗಾರರ, ಕುಶಲಕರ್ಮಿಗಳ ಬುದ್ಧಿಗೆ ಇಂಬು ಕೊಡುವುದು. ಆ ದಿನಗಳಲ್ಲಿ ಗಣಿಗಾರನು ನೂರಾರು ಅಡಿ ಆಳಕ್ಕೆ ಏಣಿಗಳ ಮೇಲೆ ಇಳಿಯಬೇಕು. ಎಂಟು ಗಂಟೆ ಬಂಡೆ ಒಡೆದು, ಅದೇ ಏಣಿಗಳನ್ನು ಹತ್ತಿ ಬರಬೇಕು. ಹತ್ತುವಾಗಲೇ ಕೈಸೋತು ಬಿದ್ದು ಸತ್ತವರಿದ್ದರು. ಉಳಿದವರ ಎದೆ ನಲವತ್ತಕ್ಕೇ ಸವೆಯುತ್ತಿತ್ತು. ಈ ಕಷ್ಟವನ್ನು ನೀಗಿಸುವ ಯಂತ್ರಕ್ಕೆ ಸಂಘವು ಬಹುಮಾನ ಸಾರಿದ್ದಿತು. ಅದರ ಫಲವಾಗಿ ಜನರನ್ನು ಮೇಲೆತ್ತುವ ಮೊದಲ ಯಂತ್ರವು 1842ರಲ್ಲಿ ಟ್ರೆಸವೀನ್ ಗಣಿಯಲ್ಲಿ ಚಲಿಸತೊಡಗಿತು. ಹಂಟ್ ಕಾರ್ಯದರ್ಶಿಯಾಗಿದ್ದ ಕಾಲದ ಸಾರ್ಥಕ ಸಂಗತಿಗಳಲ್ಲಿ ಇದೊಂದು.

1845ರಲ್ಲಿ ಹಂಟನಿಗೆ ಸರ್ಕಾರದ ಕರೆ ಬಂದಿತು. ಲಂಡನ್ನಿನ ಭೂಗರ್ಭ ವಸ್ತುಸಂಗ್ರಹಾಲಯಕ್ಕೆ ಹೊಂದಿಕೊಂಡಂತೆ ಗಣಿ ದಾಖಲೆಗಳ ಕಚೇರಿ ಎಂಬುದೊಂದು ಇದ್ದಿತು; ಅದಕ್ಕೆ ಆತನು ಪಾಲಕನಾದನು. ಈ ಕಚೇರಿಯ ಕೆಲಸ ಏನೆಂಬುದನ್ನು ವಾಚಕರು ಸ್ವಲ್ಪ ಗಮನಿಸಬೇಕು. ಅದಿರು ತೀರಿದ ಗಣಿಯನ್ನು ಒಡೆಯರು ಕೈಬಿಡುತ್ತಾರೆ. ನೀರು ತೆಗೆಯುವ ಯಂತ್ರ ನಿಲ್ಲುತ್ತದೆ. ಸುರಂಗಗಳಲ್ಲಿ ನೀರು ತುಂಬುತ್ತದೆ. ಇಪ್ಪತ್ತು ವರ್ಷಗಳ ಮೇಲೆ ಪಕ್ಕದಲ್ಲಿ ಹೊಸ ಗಣಿ ತೋಡುವವರಿಗೆ ಆ ಹಳೆಯ ಸುರಂಗ ಎಲ್ಲಿದೆಯೆಂದು ತಿಳಿಯದು. ಗುದ್ದಲಿಯ ಒಂದು ಏಟಿಗೆ ನಡುವಿನ ಗೋಡೆ ಒಡೆದರೆ, ಕತ್ತಲಲ್ಲಿ ಕೂಡಿಬಿದ್ದ ನೀರೆಲ್ಲ ನುಗ್ಗಿ ಒಳಗಿದ್ದವರನ್ನು ಮುಳುಗಿಸುತ್ತದೆ. ಆದ್ದರಿಂದಲೇ ಕೈಬಿಟ್ಟ ಗಣಿಗಳ ನಕ್ಷೆಗಳನ್ನು ಒಂದೆಡೆ ಸೇರಿಸಿ ಕಾಪಾಡುವ ಏರ್ಪಾಡು ನಡೆದದ್ದು. ಹಂಟ್ ಆ ನಕ್ಷೆಗಳ ಪಾಲಕ. ಜೊತೆಗೆ ಪ್ರತಿವರ್ಷವೂ ದೇಶದ ಖನಿಜೋತ್ಪತ್ತಿಯ ಅಂಕಿ ಅಂಶಗಳನ್ನು ಕಲೆಹಾಕುವ ಹೊಣೆಯನ್ನೂ ಆತನು ಹೊತ್ತನು. ಆ ಮೊದಲ ವರ್ಷಗಳಲ್ಲಿ ಲೆಕ್ಕ ಕೊಡಬೇಕೆಂಬ ಕಾನೂನಿರಲಿಲ್ಲ. ಪತ್ರ ಬರೆದು, ಕೇಳಿ, ಒಲಿಸಿ ಒಡೆಯರಿಂದ ಅಂಕಿಗಳನ್ನು ಪಡೆಯಬೇಕಾಗಿತ್ತು. 1851ರಲ್ಲಿ ಆತನು ಸರ್ಕಾರಿ ಗಣಿ ವಿದ್ಯಾಲಯದಲ್ಲಿ ಪ್ರಾಧ್ಯಾಪಕನೂ ಆದನು. 1854ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು.

ಇಷ್ಟರಲ್ಲಿ ಕಾರ್ನ್‌ವಾಲ್ ಬದಲಾಗುತ್ತಲಿದ್ದಿತು. 1859ರಲ್ಲಿ ಬ್ರುನೆಲ್ ಕಟ್ಟಿದ ಸೇತುವೆ ಟೇಮರ್ ನದಿಯನ್ನು ದಾಟಿ, ಲಂಡನ್ನಿನ ರೈಲು ಕಾರ್ನ್‌ವಾಲಿನೊಳಗೆ ಓಡಿತು. ಶಾಲೆಗಳು ಬಂದುವು, ವೃತ್ತಪತ್ರಿಕೆ ಬಂದಿತು, ಭಜನಮಂದಿರಗಳಲ್ಲಿ ಬೋಧಕರು ಹಳೆಯ ಕಥೆಗಳನ್ನು ಅಂಧಶ್ರದ್ಧೆಯೆಂದು ಜರೆದರು. ಇವುಗಳಲ್ಲಿ ಯಾವುದನ್ನೂ ಹಂಟ್ ದ್ವೇಷಿಸಲಿಲ್ಲ. ಗಣಿಗಾರರ ಶಿಕ್ಷಣಕ್ಕಾಗಿಯೇ ಆತನು ಅದೇ 1859ರಲ್ಲಿ ಸಂಘವೊಂದರ ಸ್ಥಾಪನೆಗೆ ದುಡಿದವನು. ತಾನು ಹಚ್ಚುತ್ತಿರುವ ದೀಪದ ಬೆಳಕಿನಲ್ಲಿಯೇ ತಾನು ಪ್ರೀತಿಸಿದ ನೆರಳುಗಳು ಕರಗುತ್ತಿವೆಯೆಂಬುದನ್ನು ಆತನು ಕಾಣದಿರಲಿಲ್ಲ. ದೀಪವನ್ನು ಆರಿಸುವುದು ಪರಿಹಾರವಲ್ಲ. ಆದರೆ ನೆರಳಿನ ನಕ್ಷೆಯನ್ನಾದರೂ ಬರೆದಿಡಬಹುದು. ಕೈಬಿಟ್ಟ ಗಣಿಗಳ ನಕ್ಷೆ ಕಾಯುವವನಿಗೆ ಈ ಕೆಲಸದ ಬೆಲೆಯನ್ನು ಇನ್ನೊಬ್ಬರು ಹೇಳಿಕೊಡಬೇಕಾಗಿರಲಿಲ್ಲ.

ಮೂವತ್ತು ವರ್ಷಗಳಿಂದ ಕೂಡಿಟ್ಟ ಟಿಪ್ಪಣಿಗಳು ಹೊರಬಂದುವು. ಸಾಲದ್ದನ್ನು ಕೂಡಿಸಲು ಆತನು ಇತರರ ನೆರವು ಪಡೆದನು. ಸೇಂಟ್ ಐವ್ಸ್ ಊರಿನ ಕಡೆಯ ಹಳ್ಳಿಗಳಿಗೆ ಕಾಗದ ಹಂಚುತ್ತಿದ್ದ ಅಂಚೆಯವನೊಬ್ಬನನ್ನು ಕಥೆ ಕೂಡಿಸಲು ನೇಮಿಸಿಕೊಂಡನು. ಸೇಂಟ್ ಲೆವನ್ ಹೋಬಳಿಯ ವಿಲಿಯಂ ಬಾಟ್ರೆಲ್ ಎಂಬಾತನು ತಾನು ಬಲ್ಲ ಹಲವಾರು ಕಥೆಗಳನ್ನು ಧಾರಾಳವಾಗಿ ಕೊಟ್ಟನು. 1865ರಲ್ಲಿ ಪಶ್ಚಿಮ ಇಂಗ್ಲೆಂಡಿನ ಜನಪ್ರಿಯ ಅದ್ಭುತ ಕಥೆಗಳೆಂಬ ಅರ್ಥದ ಹೆಸರಿನಿಂದ ಎರಡು ಸಂಪುಟಗಳು ಪ್ರಕಟವಾದುವು. ಚಿತ್ರ ಬರೆದವನು ಆ ಕಾಲದ ಹೆಸರಾಂತ ಚಿತ್ರಕಾರ ಜಾರ್ಜ್ ಕ್ರೂಕ್‌ಷ್ಯಾಂಕ್.

ಈ ಸಂಪುಟಗಳಲ್ಲಿರುವುದೇನು? ಮೊದಲಿಗೆ ದೈತ್ಯರು. ಬೋಲ್ಸ್ಟರ್ ಎಂಬ ದೈತ್ಯನು ಸೇಂಟ್ ಆಗ್ನೆಸ್ ಗುಡ್ಡದ ಮೇಲೆ ಒಂದು ಕಾಲು, ಆರು ಮೈಲಿ ದೂರದ ಕಾರ್ನ್ ಬ್ರೇ ಗುಡ್ಡದ ಮೇಲೆ ಇನ್ನೊಂದು ಕಾಲು ಇಟ್ಟು ನಿಲ್ಲಬಲ್ಲವನು. ಅವನು ಸಾಧ್ವಿ ಆಗ್ನೆಸಳನ್ನು ಮೋಹಿಸಿ ಕಾಡಿದಾಗ, ಅವಳು ಪ್ರೇಮದ ಪರೀಕ್ಷೆಯಾಗಿ ಬಂಡೆಯ ಮೇಲಿನ ಒಂದು ಕುಳಿಯನ್ನು ನಿನ್ನ ರಕ್ತದಿಂದ ತುಂಬೆಂದು ಕೇಳಿದಳು. ದೈತ್ಯ ನಸುನಕ್ಕು ತೋಳಿನ ನರವನ್ನು ಕಡಿದುಕೊಂಡನು. ಕುಳಿಯ ತಳ ಕಡಲಿಗೆ ತೆರೆದಿತ್ತೆಂಬುದು ಅವನಿಗೆ ತಿಳಿಯದು. ರಕ್ತ ಹರಿದೇ ಹರಿಯಿತು, ದೈತ್ಯ ಸತ್ತನು. ಚಾಪೆಲ್ ಪೋರ್ತಿನ ಬಂಡೆಯ ಕೆಂಪು ಕಲೆ ಅವನ ರಕ್ತದ್ದೆಂದು ಅಲ್ಲಿಯವರು ತೋರಿಸುತ್ತಿದ್ದರು. ಕ್ರೂಕ್‌ಷ್ಯಾಂಕ್ ಬರೆದ ಚಿತ್ರ ಈ ದೈತ್ಯನದೇ.

ಬಳಿಕ ಟ್ರೆಗೀಗಲ್ ಎಂಬ ಪಾರುಪತ್ತೇಗಾರನ ಕಥೆ. ಬಡವರ ಭೂಮಿ ನುಂಗಿದ ಈ ಪಾಪಿ ಸತ್ತ ಮೇಲೆ, ಬಾಡ್ಮಿನ್ ಊರಿನ ನ್ಯಾಯಾಲಯದಲ್ಲಿ ಒಂದು ಮೊಕದ್ದಮೆ ನಡೆಯಿತು. ಹಣ ಸಂದಿದೆಯೋ ಇಲ್ಲವೋ ಎಂಬುದನ್ನು ಬಲ್ಲವನು ಅವನೊಬ್ಬನೇ. ಕಕ್ಷಿಗಾರನು ಸತ್ತವನನ್ನೇ ಸಾಕ್ಷಿಗೆ ಕರೆದನು. ಪ್ರೇತ ಬಂದು ನಿಜ ನುಡಿಯಿತು. ಆದರೆ ಬಂದದ್ದು ಹಿಂದಿರುಗಲೊಲ್ಲದು! ನರಕದ ಭೂತಗಳ ಕೈಗೆ ಸಿಗದಂತೆ ಅದನ್ನು ಕಾಪಾಡಬೇಕಾದರೆ ಎಂದೂ ಮುಗಿಯದ ಕೆಲಸ ಕೊಡಬೇಕು. ಡೋಜ್‌ಮರಿ ಕೊಳದ ನೀರನ್ನು ತೂತು ಬಿದ್ದ ಚಿಪ್ಪಿನಿಂದ ಮೊಗೆದು ಬರಿದು ಮಾಡೆಂದು ಪಾದ್ರಿಗಳು ನೇಮಿಸಿದರು. ಮುಂದೆ ಕಡಲ ಮರಳಿನಿಂದ ಹಗ್ಗ ಹೊಸೆಯುವ ಕೆಲಸವೂ ಅವನ ಪಾಲಾಯಿತು. ಬಿರುಗಾಳಿ ಬೀಸಿದ ರಾತ್ರಿ ಬೋರೆಯ ಮೇಲೆ ಕೇಳುವ ಗೋಳಾಟ ಟ್ರೆಗೀಗಲನದು. ಬದುಕಿದ್ದಾಗ ನ್ಯಾಯಾಲಯದಲ್ಲಿ ಅವನನ್ನು ಗೆಲ್ಲಲಾರದೆ ಹೋದ ಬಡಜನ, ಕಥೆಯಲ್ಲಿ ಅವನಿಗೆ ಕೊನೆಯಿಲ್ಲದ ಶಿಕ್ಷೆ ವಿಧಿಸಿದರು.

ಗಣಿಯೊಳಗಿನ ಪುಟ್ಟ ಭೂತಗಳ ಕಥೆಗಳಂತೂ ಹಂಟನಿಗೆ ತೀರ ಹತ್ತಿರದವು. ಇವರಿಗೆ ನಾಕರ್ ಎಂದು ಹೆಸರು, ಎಂದರೆ ತಟ್ಟುವವರು. ಕಾರ್ನ್‌ವಾಲಿನ ಗಣಿಗಾರರಲ್ಲಿ ಹಲವರಿಗೆ ದಿನಗೂಲಿ ಇರಲಿಲ್ಲ; ಬಂಡೆಯ ಒಂದು ಪಾಲನ್ನು ಹರಾಜಿನಲ್ಲಿ ಹಿಡಿದು, ತೆಗೆದ ಅದಿರಿನ ಬೆಲೆಯಲ್ಲಿ ಇಷ್ಟು ಭಾಗವೆಂದು ಕೂಲಿ ಪಡೆಯುತ್ತಿದ್ದರು. ಒಳ್ಳೆಯ ಅದಿರು ಸಿಕ್ಕರೆ ಹಬ್ಬ, ಸಿಗದಿದ್ದರೆ ಉಪವಾಸ. ಹೀಗಿರುವಾಗ ಬಂಡೆಯೊಳಗಿಂದ ಬರುವ ಟಕಟಕ ಸದ್ದನ್ನು ಅವರು ಎಷ್ಟು ಭಯದಿಂದ, ಎಷ್ಟು ಆಸೆಯಿಂದ ಆಲಿಸಿರಬೇಕು! ನಾಕರ್ ತಟ್ಟುವಲ್ಲಿ ಅದಿರುಂಟೆಂಬುದು ನಂಬಿಕೆ. ಅವರಿಗೆ ಬುತ್ತಿಯಲ್ಲಿ ಒಂದು ತುಣುಕು ಬಿಡಬೇಕು; ಗಣಿಯೊಳಗೆ ಸಿಳ್ಳೆ ಹಾಕಬಾರದು. ಟ್ರೆನ್ವಿತ್ ಎಂಬ ಮುದುಕನೂ ಮಗನೂ ನಾಕರರೊಡನೆ ಒಪ್ಪಂದ ಮಾಡಿಕೊಂಡು, ಅತ್ಯುತ್ತಮ ಅದಿರಿನ ಹತ್ತನೆಯ ಒಂದು ಪಾಲನ್ನು ಅವರಿಗೆ ಬಿಟ್ಟು ಸಿರಿವಂತರಾದರು. ಮುದುಕ ಸತ್ತ ಮೇಲೆ ಮಗ ಆ ಪಾಲನ್ನು ತಪ್ಪಿಸಿದನು. ಅದಿರಿನ ಎಳೆ ಬತ್ತಿತು, ಅವನು ಹಾಳಾದನು. ಇನ್ನು ಟೋವೆಡ್ನಾಕಿನ ಬಾರ್ಕರ್ ಎಂಬ ಸೋಮಾರಿ, ನಾಕರರೇ ಇಲ್ಲವೆಂದು ತೋರಿಸುವೆನೆಂದು ಬಾವಿಯ ಬಳಿ ಹೊಂಚಿ ಮಲಗಿದನು. ಕೆಲಸ ಮುಗಿಸಿದ ನಾಕರರು ಸಲಕರಣೆಗಳನ್ನು ಎಲ್ಲಿಡುವುದೆಂದು ಮಾತಾಡಿಕೊಳ್ಳುತ್ತಿದ್ದರು. ಒಬ್ಬನು ತನ್ನದನ್ನು ಬಾರ್ಕರನ ಮೊಳಕಾಲ ಮೇಲೆ ಇಡುವೆನೆಂದನು. ಮರುಕ್ಷಣವೇ ಕಾಣದ ಭಾರವೊಂದು ಬಿದ್ದು ಬಾರ್ಕರ್ ಬಾಳಿಡೀ ಕುಂಟಿದನು.

ವಿಜ್ಞಾನಿ ಹಂಟ್ ಇಂಥವನ್ನು ನಂಬಿದನೇ? ಇಲ್ಲ. ಬಂಡೆಯ ಒತ್ತಡ, ತೊಟ್ಟಿಕ್ಕುವ ನೀರು, ಮರದ ಆನಿಕೆಗಳ ಕಿರುಗುಟ್ಟುವಿಕೆ ಇವುಗಳನ್ನು ಆತನಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಆದರೆ ಸದ್ದಿಗೆ ಕಾರಣ ತಿಳಿದ ಮಾತ್ರಕ್ಕೆ, ಆ ಸದ್ದನ್ನು ಕತ್ತಲಲ್ಲಿ ಒಂಟಿಯಾಗಿ ಕೇಳಿದವನ ಮನಸ್ಸು ತಿಳಿಯುವುದಿಲ್ಲ. ಆ ಮನಸ್ಸು ಕಥೆಯಲ್ಲಿದೆ. 1865ರಲ್ಲಿ ಅರ್ಥಶಾಸ್ತ್ರಜ್ಞ ಜೆವೊನ್ಸ್ ಬ್ರಿಟನ್ನಿನ ಕಲ್ಲಿದ್ದಲು ಒಂದಲ್ಲ ಒಂದು ದಿನ ತೀರುವುದೆಂದು ಎಚ್ಚರಿಸಿ ಬರೆದ ಪ್ರಸಿದ್ಧ ಗ್ರಂಥಕ್ಕೆ ಆಧಾರವಾದುದು ಹಂಟ್ ಕೂಡಿಸಿದ ಅಂಕಿಗಳು. ಅದೇ ವರ್ಷ ಹಂಟನ ಕಥಾಸಂಪುಟಗಳೂ ಹೊರಬಂದುವು. ನೆಲದ ಸಂಪತ್ತು ತೀರುವುದೆಂಬ ಲೆಕ್ಕ ಒಂದು ಕಡೆ, ನೆನಪಿನ ಸಂಪತ್ತು ತೀರುವುದೆಂಬ ಕಳವಳ ಇನ್ನೊಂದು ಕಡೆ. ಎರಡರ ಹಿಂದೆಯೂ ಇದ್ದ ಕೈ ಒಂದೇ.

ಹಂಟನ ಕೆಲಸದಲ್ಲಿ ಕೊರತೆಗಳಿಲ್ಲವೆಂದಲ್ಲ. ಹಳ್ಳಿಗರ ಒರಟು ಮಾತನ್ನು ಆತನು ಅನೇಕ ಕಡೆ ನಯಗೊಳಿಸಿ, ನಗರದ ಓದುಗರಿಗೆ ಒಗ್ಗುವ ಅಲಂಕಾರದ ಭಾಷೆಯನ್ನು ತೊಡಿಸಿದನು. ಯಾರು ಹೇಳಿದರು, ಎಲ್ಲಿ ಹೇಳಿದರು ಎಂಬುದು ಎಲ್ಲ ಕಥೆಗಳಿಗೂ ಸಿಗದು. ಖನಿಜಗಳನ್ನು ವಿಂಗಡಿಸುವಂತೆ ಯಕ್ಷಭೂತಗಳನ್ನೂ ಐದು ಜಾತಿಗಳಾಗಿ ವಿಂಗಡಿಸಿದನು. ಜನರ ಬಾಯಲ್ಲಿ ಆ ಎಲ್ಲೆಗಳು ಅಷ್ಟು ಖಚಿತವಾಗಿರಲಿಲ್ಲ. ಬಾಟ್ರೆಲ್ ಮುಂದೆ 1870, 1873 ಮತ್ತು 1880ರಲ್ಲಿ ತನ್ನದೇ ಮೂರು ಸಂಪುಟಗಳನ್ನು ತಂದಾಗ, ಒಲೆಯ ಮುಂದಿನ ಮಾತಿನ ಬೆಡಗು ಅವುಗಳಲ್ಲಿ ಹೆಚ್ಚಾಗಿ ಉಳಿದಿತ್ತು. ಆದರೆ ಹಂಟನ ಸಂಪುಟಗಳು ಮೊದಲು ದಾರಿ ತೋರದಿದ್ದರೆ ಬಾಟ್ರೆಲ್ಲನಿಗೆ ಓದುಗರು ದೊರೆಯುತ್ತಿದ್ದರೇ ಎಂಬುದನ್ನೂ ನೆನೆಯಬೇಕು. ಇಬ್ಬರನ್ನೂ ಜೊತೆಯಾಗಿ ಓದುವುದೇ ನ್ಯಾಯ.

ಕಾಲವೂ ತಡೆದು ನಿಲ್ಲಲಿಲ್ಲ. ಗ್ರಂಥ ಬಂದ ಮರುವರ್ಷವೇ, 1866ರಲ್ಲಿ, ತಾಮ್ರದ ಬೆಲೆ ಕುಸಿದು ಕಾರ್ನ್‌ವಾಲಿನ ಗಣಿಗಳು ಒಂದೊಂದಾಗಿ ಮುಚ್ಚತೊಡಗಿದುವು. ಸಾವಿರಾರು ಗಣಿಗಾರರು ಅಮೆರಿಕ, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳಿಗೆ ಹಡಗು ಹತ್ತಿದರು. ಅಮೆರಿಕದ ಗಣಿಗಳಿಗೆ ಹೋದವರೊಡನೆ ನಾಕರರೂ ಹೋಗಿ ಅಲ್ಲಿಯ ಜನಪದದಲ್ಲಿ ನೆಲೆಸಿದರು. ನಮ್ಮ ನಾಡಿಗೂ ಆ ಜನ ಬಂದರು: 1880ರಿಂದ ಕೋಲಾರದ ಚಿನ್ನದ ಗಣಿಗಳ ಆಡಳಿತ ಹಿಡಿದ ಜಾನ್ ಟೇಲರ್ ಮಕ್ಕಳ ಸಂಸ್ಥೆ, ಕಾರ್ನ್‌ವಾಲಿನ ಅನುಭವಿ ಗಣಿಗಾರರನ್ನು ಕರೆತಂದಿತು. ಆ ಗಣಿಗಳು ಮೂರು ಸಾವಿರ ಮೀಟರಿಗೂ ಆಳಕ್ಕೆ ಇಳಿದು, 2001ರಲ್ಲಿ ಮುಚ್ಚಿದುವು. ಅಲ್ಲಿ ಬಂಡೆ ಸಿಡಿಯುವ ಸದ್ದನ್ನು ಕೇಳುತ್ತ ಬಾಳಿದ ಕನ್ನಡ, ತೆಲುಗು, ತಮಿಳು ಗಣಿಗಾರರ ಮನೆಗಳಲ್ಲಿಯೂ ಕಥೆಗಳಿದ್ದಿರಬೇಕು. ಹಂಟನ ಸಂಪುಟಗಳನ್ನು ಮುಚ್ಚಿಡುವಾಗ ಅವುಗಳ ನೆನಪಾಗದೆ ಇರದು.

ಹಂಟ್ ಸುಮಾರು ಮೂವತ್ತೇಳು ವರ್ಷ ಗಣಿ ದಾಖಲೆಗಳ ಪಾಲಕನಾಗಿದ್ದು, 1883ರಲ್ಲಿ ಆ ಕಚೇರಿಯನ್ನು ಬೇರೆ ಇಲಾಖೆಗೆ ಸೇರಿಸಿದಾಗ ನಿವೃತ್ತನಾದನು. ಬ್ರಿಟನ್ನಿನ ಗಣಿಗಾರಿಕೆಯನ್ನು ಕುರಿತ ಬೃಹದ್ಗ್ರಂಥ 1884ರಲ್ಲಿ ಹೊರಬಂದಿತು. 1887ರ ಅಕ್ಟೋಬರ್ 17ರಂದು, ಎಂಬತ್ತು ವರ್ಷ ತುಂಬಿ ಕೆಲವೇ ವಾರಗಳಾಗಿದ್ದಾಗ, ಲಂಡನ್ನಿನ ಚೆಲ್ಸಿಯಲ್ಲಿ ಆತನು ಕಾಲವಾದನು. ಆತನ ಸ್ಮರಣೆಗಾಗಿ ಕಾರ್ನ್‌ವಾಲಿನ ರೆಡ್ರೂತ್ ಊರಿನಲ್ಲಿ ಖನಿಜಗಳ ಸಂಗ್ರಹಾಲಯವೊಂದನ್ನು ಏರ್ಪಡಿಸಿದರು.

ಇಂದು ಆತನ ಖನಿಜದ ಅಂಕಿಗಳನ್ನು ಇತಿಹಾಸಕಾರರಲ್ಲದೆ ಯಾರೂ ತೆರೆದು ನೋಡುವುದಿಲ್ಲ. ಛಾಯಾಗ್ರಹಣದ ವಿಧಾನಗಳು ಹಳತಾಗಿ ಎಷ್ಟೋ ಕಾಲವಾಯಿತು. ಆದರೆ ಇಪ್ಪತ್ತೊಂದರ ತರುಣನು ಆರೋಗ್ಯ ಅರಸಿ ನಡೆದಾಡಿದ ಹತ್ತು ತಿಂಗಳ ಫಲವನ್ನು ಇಂದಿಗೂ ಮಕ್ಕಳೂ ವಿದ್ವಾಂಸರೂ ಓದುತ್ತಾರೆ. ಡಾಲಿ ಪೆಂಟ್ರೀತಳ ನುಡಿಯನ್ನು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಕಲಿತು ಆಡಲು ಹೊರಟ ಕಾರ್ನ್‌ವಾಲಿನ ಜನಕ್ಕೆ, ಆ ನುಡಿಯಲ್ಲಿ ಹೇಳಿಕೊಳ್ಳಲು ತಮ್ಮವೇ ಆದ ಕಥೆಗಳು ಸಿದ್ಧವಾಗಿದ್ದುವು. ಹಂಟ್ ಅವನ್ನು ಕೇಳಲು ಹೊರಟದ್ದು ಹೇಳುವವರು ಇನ್ನೂ ಬದುಕಿದ್ದಾಗ. ಮೂವತ್ತು ವರ್ಷ ತಡವಾಗಿ ಹೊರಟಿದ್ದರೆ ಅವುಗಳಲ್ಲಿ ಎಷ್ಟೋ ಆತನಿಗೂ ಸಿಗುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಕಥೆ ಬಲ್ಲ ಹಿರಿಯರು ಇನ್ನೂ ಇದ್ದರೆ, ಈ ಭಾನುವಾರದ ಸಂಜೆಯೇ ಅವರ ಬಳಿ ಕುಳಿತುಕೊಳ್ಳುವುದು ಲೇಸು.